ಅಮೆರಿಕದ ಮಂಡಕ್ಕಿಗೆ, ದುರ್ಗದಿಂದ

ಲೋ ಮಂಡಕ್ಕಿ,

ವಾಟ್ಸಾಪ್‌ನಲ್ಲಿ ಬರೆದರೆ ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಇಲ್ಲಿ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ಮಾತ್ರ ನಿನಗೆ ಮರ್ಯಾದೆ ನೆನಪಾಗುವುದು, ಹೊಳಲ್ಕೆರೆ ಬಸ್ಸಿನಲ್ಲಿ ಆಗಿತ್ತಲ್ಲ ಹಾಗೆ. (ಉಳಿದವರು ಕ್ಷಮಿಸಿ, ಬಸ್ಸಿನ ಕತೆ ಹೇಳುವ ಹಾಗಿಲ್ಲ. ಇವನ ಹೆಂಡತಿಯೂ ಇಲ್ಲೇ ಓದುತ್ತಾರೆ.)

ಮೊದಲು ಒಂದು ಪ್ರಶ್ನೆ. ಇಷ್ಟು ವರ್ಷ ಅಮೆರಿಕದಲ್ಲಿ ಇದ್ದೀಯಲ್ಲ, ನಾಸಾ ನೋಡಿದ್ದೀಯಾ? ನೋಡಿಲ್ಲ, ನನಗೆ ಗೊತ್ತು. ನಮ್ಮ ದುರ್ಗದ ಎಂಟನೇ ಕ್ಲಾಸಿನ ಮಕ್ಕಳು ನೋಡಲು ಹೊರಟಿದ್ದಾರೆ ಕಣೋ.

ಮಗಳ ಸ್ಕೂಲಿಂದ ಸರ್ಕ್ಯುಲರ್ ಬಂತು. ಹತ್ತು ದಿನದ ಎಜುಕೇಷನಲ್ ಟೂರ್, ಒಬ್ಬರಿಗೆ ಮೂರೂವರೆ ಲಕ್ಷದ ಮೇಲೆ. ಕೆಳಗೆ ಸಣ್ಣಕ್ಷರದಲ್ಲಿ "ಕಡ್ಡಾಯವಲ್ಲ". ಹತ್ತು ದಿನದಲ್ಲಿ ನಾಸಾಗೆ ಸಿಕ್ಕಿರುವುದು ಒಂದೇ ದಿನ, ಮಿಕ್ಕಿದ್ದೆಲ್ಲ ಡಿಸ್ನಿ, ನಯಾಗರ, ಟೈಮ್ಸ್ ಸ್ಕ್ವೇರ್. ಆ ಒಂದು ದಿನವೂ ಫ್ಲಾರಿಡಾದ ಕೆನಡಿ ಸ್ಪೇಸ್ ಸೆಂಟರ್‌ನ ವಿಸಿಟರ್ ಕಾಂಪ್ಲೆಕ್ಸ್. ಅದನ್ನು ನಡೆಸುವುದು ಖಾಸಗಿ ಕಂಪನಿ, ಟಿಕೆಟ್ ತಗೊಂಡವರು ಯಾರು ಬೇಕಾದರೂ ಹೋಗಬಹುದು. ಹಾಗಂತ ಸುಮ್ನೆ ತೆಗೆದುಹಾಕುವ ಜಾಗ ಅಲ್ಲ. 33 ಸಲ ಮೇಲೆ ಹೋಗಿ ಬಂದ ಅಟ್ಲಾಂಟಿಸ್ ನೌಕೆ ಅಲ್ಲೇ ಇದೆ. 110 ಮೀಟರಿನ ಸ್ಯಾಟರ್ನ್ 5 ರಾಕೆಟ್ಟನ್ನು ಅಡ್ಡ ಮಲಗಿಸಿದ್ದಾರೆ. ಫೋಟೊ ನೋಡಿ ನನಗೇ ಆಸೆ ಆಯಿತು, ಮಕ್ಕಳ ಮಾತು ಯಾಕೆ?

ಈಗ ಅಂಗಡಿ ವಿಷಯ. ಜೆರಾಕ್ಸ್ ಮತ್ತು ಫೋಟೊ ಅಂದಮೇಲೆ ಇಡೀ ಟೂರು ನನ್ನ ಕೌಂಟರ್ ಮೇಲೇ ಹಾದುಹೋಗುತ್ತಿದೆ. ಮಕ್ಕಳ ಪಾಸ್‌ಪೋರ್ಟ್‌ಗೆ ಫೀಸು 1000 ರೂಪಾಯಿ, ಜೊತೆಗೆ ಅಪ್ಪ ಅಮ್ಮನ ಸಹಿಯ ಅನೆಕ್ಷರ್ ಡಿ. ಆಮೇಲೆ ಅಮೆರಿಕದ ವೀಸಾ. ಅದರ ಫೀಸು 185 ಡಾಲರ್, ನಮ್ಮ ಲೆಕ್ಕದಲ್ಲಿ 15 ಸಾವಿರದ ಮೇಲಾಯಿತು. ವೀಸಾ ಸಿಗದಿದ್ದರೆ ಆ ದುಡ್ಡು ವಾಪಸ್ ಬರುವುದಿಲ್ಲ. ಇಂಟರ್‌ವ್ಯೂಗೆ ಅಂತ ಚೆನ್ನೈಗೋ ಹೈದರಾಬಾದಿಗೋ ಓಡಾಟ ಬೇರೆ. ಪ್ಯಾಕೇಜಿನ ಮೇಲೆ ಜಿಎಸ್‌ಟಿ, ಸಾಲದ್ದಕ್ಕೆ ಟಿಸಿಎಸ್, ಅಂದರೆ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. ಟಿಸಿಎಸ್ ದುಡ್ಡು ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ, ನಿಜ. ಕಟ್ಟುವ ದಿನ ಮಾತ್ರ ಅದೂ ಕೈಯಿಂದಲೇ ಹೋಗಬೇಕಲ್ಲ. ಸೂಟ್‌ಕೇಸು, ಜರ್ಕಿನ್ನು, ಕೈಖರ್ಚಿಗೆ ಡಾಲರು, ಇವು ಸರ್ಕ್ಯುಲರ್‌ನಲ್ಲಿ ಇರಲಿಲ್ಲ.

ಬರುವವರೆಲ್ಲ ಗಣಿ ಸಾಹುಕಾರರೋ ಭೀಮಸಮುದ್ರದ ಅಡಿಕೆಯವರೋ ಅಂದುಕೊಳ್ಳಬೇಡ. ಬೆಳಿಗ್ಗೆ ಮಗನ ಪಾಸ್‌ಪೋರ್ಟ್ ಜೆರಾಕ್ಸ್ ಮಾಡಿಸಿಕೊಂಡು ಹೋದ ಒಬ್ಬರು ಸಂಜೆ ಆಧಾರ್, ಪಾನ್, ಒಡವೆ ಸಾಲದ ಫಾರಂ ಹಿಡಿದು ಬಂದರು. ಇನ್ನೊಬ್ಬರು ಪಹಣಿ ತಂದರು. ನಾನು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಪೇರೆಂಟ್ಸ್ ಗ್ರೂಪಿನಲ್ಲಿ ಮಾತ್ರ ಇಬ್ಬರದೂ ಹೆಬ್ಬೆಟ್ಟು, "ಕನ್ಫರ್ಮ್" ಅಂತ. ಸ್ಕೂಲಿನವರನ್ನು ಬೈಯಬೇಕು ಅಂತ ಎಷ್ಟೋ ಸಲ ಅನ್ನಿಸಿತು. ಆದರೆ ಅವರು ಕಡ್ಡಾಯವಲ್ಲ ಅಂತ ಬರೆದುಬಿಟ್ಟಿದ್ದಾರಲ್ಲ, ಬೈಯಲಿಕ್ಕೆ ಹಿಡಿಯೇ ಸಿಗುವುದಿಲ್ಲ. ಹೋಗುವ ಮಕ್ಕಳಿಗೆ ಶನಿವಾರ ಓರಿಯೆಂಟೇಷನ್ ಕ್ಲಾಸಂತೆ. ಉಳಿದವರು ಲೈಬ್ರರಿಯಲ್ಲಿ.

ಮಗಳು ಲೈಬ್ರರಿ ಗುಂಪು.

ನಿನಗೆ ಇವಳ ಹುಚ್ಚು ಗೊತ್ತಲ್ಲ. 2024ರ ಜೂನ್ 23ರಂದು ಇಸ್ರೋದವರ ಪುಷ್ಪಕ್ ಅನ್ನುವ ರೆಕ್ಕೆಯ ನೌಕೆ ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲೇ ಇಳಿಯಿತು. ನಿಮ್ಮಜ್ಜನ ದನ ಮೇಯುತ್ತಿದ್ದ ಅಮೃತ ಮಹಲ್ ಕಾವಲಿನ ಕಡೆ ಡಿಆರ್‌ಡಿಒದವರ ರನ್‌ವೇ ಇದೆಯಲ್ಲ, ಅಲ್ಲಿ. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟಿತು. ಪೈಲಟ್ ಇಲ್ಲ. ತಾನೇ ದಾರಿ ಸರಿ ಮಾಡಿಕೊಂಡು, ಗಂಟೆಗೆ 320 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿಕೊಂಡು ನಿಂತಿತು. ಇದನ್ನೆಲ್ಲ ನಾನು ಪೇಪರಿನಲ್ಲಿ ಓದಿದ್ದಲ್ಲ. ಇವಳು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದು. "ಹತ್ತಿರಾನೇ ಅಲ್ವಾ, ಕರ್ಕೊಂಡು ಹೋಗಪ್ಪ" ಅಂತ ಒಂದು ವಾರ ಪ್ರಾಣ ತಿಂದಳು. ಅಲ್ಲಿಗೆ ನಮ್ಮಂಥವರನ್ನು ಯಾರು ಬಿಡುತ್ತಾರೆ?

ಅಂಥವಳು ನಾಸಾದ ಸರ್ಕ್ಯುಲರ್ ತಂದಾಗ ಏನೂ ಕೇಳಲಿಲ್ಲ ಕಣೋ. "ಇಲ್ಲ" ಅನ್ನುವ ಕಡೆ ಆಗಲೇ ಟಿಕ್ ಹಾಕಿತ್ತು. ಪೆನ್ನು ಕೊಟ್ಟು, "ಇಲ್ಲೊಂದು ಸಹಿ ಹಾಕಪ್ಪ. ನಂಗೆ ಅಷ್ಟೇನೂ ಇಂಟರೆಸ್ಟ್ ಇಲ್ಲ, ಯೂಟ್ಯೂಬಲ್ಲೇ ಎಲ್ಲಾ ಇದೆ" ಅಂದಳು. ಹಾಕಿದೆ. ಎದೆ ಮೇಲಿನ ಭಾರ ಇಳಿದಂತಾಯಿತು. ಅವಳ ಪಿಯುಸಿಗೆ ಅಂತ ಇಟ್ಟ ಎಫ್‌ಡಿ ಮುರಿದರೆ ಕಳಿಸಬಹುದಿತ್ತು. ಮುರಿಯಬಾರದು ಅಂತಲೇ ಈಗಲೂ ನನ್ನ ಲೆಕ್ಕ.

ಆದರೆ ಅವಳು ಹಟ ಮಾಡಬೇಕಿತ್ತು. ನಾನು ಆಗಲ್ಲ ಅನ್ನಬೇಕಿತ್ತು, ಅವಳು ಎರಡು ಹೊತ್ತು ಊಟ ಬಿಡಬೇಕಿತ್ತು, ಅವರಮ್ಮ ಮಧ್ಯೆ ಬಂದು ಇಬ್ಬರಿಗೂ ಬೈಯಬೇಕಿತ್ತು. ಜೋಗದ ಟ್ರಿಪ್ಪಿಗೆ ನೀನು ನಡುಮನೆಯಲ್ಲಿ ಉರುಳಾಡಿದ್ದು ಮರೆತಿದ್ದೀಯಾ? ನಿಮ್ಮಪ್ಪನ ಹತ್ತಿರ ಎಷ್ಟಿದೆ ಅಂತ ನಿನಗೆ ಗೊತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇವಳಿಗೆ ಗೊತ್ತಿದೆ. ಯಾವಾಗ ಲೆಕ್ಕ ಹಾಕಿದಳೋ ನನಗೆ ಗೊತ್ತಾಗಲೇ ಇಲ್ಲ. ಬೇಡ ಅನ್ನುವ ಕೆಲಸ ನನ್ನದು, ಅದನ್ನೂ ಅವಳೇ ಮಾಡಿ ಮುಗಿಸಿಬಿಟ್ಟಳು. ಹಾಳಾದ್ದು, ಅದಕ್ಕೆ ನನಗೆ ಸಿಟ್ಟು ಬಂತು. ಅವಳ ಮೇಲೇ.

ಸಂಜೆ ಹೊತ್ತು ಅಂಗಡಿಗೆ ಬಂದು ಕೂರುತ್ತಾಳೆ. ಅಮೆರಿಕ ವೀಸಾಕ್ಕೆ ಫೋಟೊ ಎರಡಿಂಚು ಎರಡಿಂಚು ಚೌಕ, ಹಿಂದೆ ಬಿಳಿ, ಕನ್ನಡಕ ನಡೆಯುವುದಿಲ್ಲ. "ಕನ್ನಡಕ ತೆಗಿಯೇ, ಹಲ್ಲು ಬಿಡಬೇಡ, ರಿಜೆಕ್ಟ್ ಆಗುತ್ತೆ" ಅಂತ ಅವಳ ಕ್ಲಾಸಿನ ಹುಡುಗಿಯರಿಗೆ ಅವಳೇ ಹೇಳುವುದು. ಫಾರಂಗೆ ಅಪ್‌ಲೋಡ್ ಮಾಡುವ ಫೈಲು 240 ಕೆಬಿ ದಾಟಬಾರದು, ಅದನ್ನು ಇಳಿಸುವುದು ಅವಳೇ. ಕಟರ್ ಕೆಳಗೆ ಫೋಟೊ ಇಟ್ಟು, ಅಂಚಿನ ಬಿಳಿ ಒಂದು ನೂಲೂ ಜಾಸ್ತಿ ಉಳಿಯದ ಹಾಗೆ ಕತ್ತರಿಸುತ್ತಾಳೆ. ನನಗಿಂತ ನೀಟು. ಸೆಟ್ಟಿಗೆ 150 ರೂಪಾಯಿ. ಗೆಳತಿಯರಿಗೆ 50 ಬಿಟ್ಟುಬಿಡುತ್ತಾಳೆ, ನನ್ನನ್ನು ಕೇಳದೆ. ಲೈಟ್ ಸರಿ ಮಾಡಲು ಮೊದಲ ದಿನ ಅವಳನ್ನೇ ಸ್ಟೂಲ್ ಮೇಲೆ ಕೂರಿಸಿದ್ದೆ. ಅಮೆರಿಕದ ಅಳತೆಗೆ ಸರಿಯಾಗಿ ಬಂದ ಮೊದಲ ಫೋಟೊ ಅವಳದು. ಫೈಲಿಗೆ "ಟೆಸ್ಟ್" ಅಂತ ಹೆಸರಿಟ್ಟಳು. "ಆಯ್ತಲ್ಲ, ಡಿಲೀಟ್ ಮಾಡಪ್ಪ" ಅಂದಳು.

ಅಯ್ಯೋ, ಎಲ್ಲಿಂದ ಎಲ್ಲಿಗೆ ಹೋದೆ! ನಿನಗೆ ನಾಲ್ಕು ಬೈಗುಳ ಬರೆಯೋಣ ಅಂತ ಕೂತಿದ್ದು. ಓದುತ್ತಿರುವ ಪೇರೆಂಟ್ಸ್ ಯಾರೂ ತಪ್ಪು ತಿಳಿಯಬೇಡಿ. ಫೋಟೊಗೆ ನಮ್ಮ ಅಂಗಡಿಗೇ ಬನ್ನಿ, ಲ್ಯಾಮಿನೇಷನ್ನೂ ಇದೆ.

ಇನ್ನು ನೀನು. ಇದನ್ನು ಓದಿ "ದುಡ್ಡು ಕಳಿಸಲಾ" ಅಂತ ಫೋನ್ ಮಾಡಿದೆಯೋ, ನಿನಗೂ ನನಗೂ ಅವತ್ತಿಗೆ ಮುಗಿಯಿತು. ಬೇಕಿದ್ದರೆ ಜೋಗದಲ್ಲಿ ಇಸ್ಕೊಂಡ ಹದಿನೇಳು ರೂಪಾಯಿ ವಾಪಸ್ ಕೊಡು. ನಮ್ಮ ಚಿಕ್ಕಪ್ಪನ ಬಡ್ಡಿ ರೇಟು ಹಾಕಿದರೆ ನಾಸಾ ಏನು, ಚಂದ್ರನಿಗೇ ಟಿಕೆಟ್ ಆಗುತ್ತದೆ.

ಹಾಂ, ನಿನ್ನ ಗ್ರೀನ್ ಕಾರ್ಡಿನ ಫೋಟೊ ನೋಡಿದೆ. ಎಲ್ಲಿ ತೆಗೆಸಿದೆಯೋ ಮಾರಾಯ? ಆ ಮುಖ ನೋಡಿಯೂ ಅವರು ಒಳಗೆ ಬಿಟ್ಟಿದ್ದಾರೆ ಅಂದರೆ ಅಮೆರಿಕದವರು ಭಾಳ ಒಳ್ಳೆಯವರೇ ಇರಬೇಕು.

ನಿನ್ನ,
ಜೆರಾಕ್ಸ್