ನಿದ್ದೆಯಿಂದ ಎದ್ದ ಕಂಪ್ಯೂಟರಿಗೆ ನೆಟ್ ಸಿಗದಿದ್ದರೆ: ನಮ್ಮ ಸೇವೆಯಲ್ಲಿ ಒಂದು ಬದಲಾವಣೆ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಕಿನಿಂದ ಒಂದು ದೂರಿನ ಮಟ್ಟಿಗೆ ನಮ್ಮ ಕೆಲಸದ ರೀತಿ ಬದಲಾಗುತ್ತದೆ. ಯಾವ ದೂರು ಎಂದು ನಿಮಗೂ ಗೊತ್ತು. "ಊಟ ಮುಗಿಸಿ ಬಂದು ಕಂಪ್ಯೂಟರ್ ಎಬ್ಬಿಸಿದೆ, ಎಲ್ಲಾ ಸರಿ ಇದೆ, ನೆಟ್ ಮಾತ್ರ ಇಲ್ಲ. ರೀಸ್ಟಾರ್ಟ್ ಮಾಡಿದ್ರೆ ಬರ್ತದೆ. ನಾಳೆ ಮತ್ತೆ ಅದೇ ಕಥೆ." ಅಡಿಕೆ ದಲಾಲಿ ಅಂಗಡಿ, ಸೊಸೈಟಿ, ಔಷಧಿ ಅಂಗಡಿ, ಆಡಿಟರ್ ಆಫೀಸು, ಮನೆಯಲ್ಲೇ ಕೂತು ಕೆಲಸ ಮಾಡುವ ಹುಡುಗ ಹುಡುಗಿಯರು, ಎಲ್ಲರಿಂದಲೂ ಬರುವ ದೂರು ಇದು.

ಇನ್ನು ಮುಂದೆ ಇದನ್ನು ಮೊದಲು ಫೋನಿನಲ್ಲೇ ನೋಡುತ್ತೇವೆ. ಅದಕ್ಕೆ ದುಡ್ಡಿಲ್ಲ. ಫೋನಿನಲ್ಲಿ ಬಗೆಹರಿಯದಿದ್ದರೆ ನಮ್ಮ ಹುಡುಗರು ಬರುತ್ತಾರೆ. ಬಂದು ನೋಡಿದಾಗ ಕಾರಣ ಬರೀ ಸೆಟ್ಟಿಂಗ್ ಎಂದಾದರೆ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಇಲ್ಲದವರಿಂದಲೂ ಭೇಟಿ ಶುಲ್ಕ ತೆಗೆದುಕೊಳ್ಳುವುದಿಲ್ಲ. ಎಎಂಸಿ ಇರುವ ಕಡೆ, ಮುಂದಿನ ಸರ್ವಿಸಿಗೆ ಬಂದಾಗ ಆಫೀಸಿನ ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ತಾನಾಗಿ ಮಲಗುವ ವ್ಯವಸ್ಥೆಯನ್ನು ತೆಗೆಯುತ್ತೇವೆ. ಮತ್ತೊಂದು, ಈ ದೂರಿಗೆ ಮದ್ದು ಎಂದು ನಮ್ಮ ಅಂಗಡಿಯಲ್ಲಿ ರೂಟರನ್ನಾಗಲೀ ವೈಫೈ ಡಾಂಗಲನ್ನಾಗಲೀ ಪರೀಕ್ಷೆ ಮಾಡದೆ ಕೊಡುವುದಿಲ್ಲ. ನೀವೇ ಬಂದು ಕೇಳಿದರೂ ಎರಡು ಪ್ರಶ್ನೆ ಕೇಳಿಯೇ ಕೊಡುತ್ತೇವೆ, ಬೇಸರ ಮಾಡಿಕೊಳ್ಳಬೇಡಿ.

ಹೀಗೇಕೆ ಎಂದು ಹೇಳಬೇಕಾದದ್ದು ನಮ್ಮ ಕರ್ತವ್ಯ.

ರೀಸ್ಟಾರ್ಟ್ ಮಾಡಿದ ಕೂಡಲೇ ನೆಟ್ ಬರುತ್ತದೆ ಎಂದರೆ ಕೇಬಲ್, ರೂಟರ್, ಲ್ಯಾನ್ ಕಾರ್ಡ್ ಬಹುಮಟ್ಟಿಗೆ ಚೆನ್ನಾಗಿಯೇ ಇವೆ ಎಂದರ್ಥ. ತೊಂದರೆ ಇರುವುದು ಮಲಗುವ ಮತ್ತು ಏಳುವ ಹೊತ್ತಿನಲ್ಲಿ. ಕಂಪ್ಯೂಟರ್ ಸ್ಲೀಪಿಗೆ ಹೋಗುವಾಗ ವಿದ್ಯುತ್ ಉಳಿಸಲೆಂದು ಒಂದೊಂದೇ ಭಾಗವನ್ನು ಆರಿಸುತ್ತದೆ, ನೆಟ್‌ವರ್ಕ್ ಕಾರ್ಡನ್ನೂ ಸೇರಿಸಿ. ಏಳುವಾಗ ಆ ಕಾರ್ಡನ್ನು ಮತ್ತೆ ಚಾಲೂ ಮಾಡುವ ಕೆಲಸ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮಿನದು. ಅದು ಎಲ್ಲೋ ತಡವರಿಸಿದರೆ ಪರದೆ ಬೆಳಗುತ್ತದೆ, ಮೌಸ್ ಓಡಾಡುತ್ತದೆ, ಲೆಕ್ಕ ಬರೆಯುವ ಟ್ಯಾಲಿ ಬಿಟ್ಟಲ್ಲೇ ಇರುತ್ತದೆ, ಕಾರ್ಡ್ ಮಾತ್ರ ಎದ್ದಿರುವುದಿಲ್ಲ.

ಕುತೂಹಲ ಇರುವವರು ನೀವೇ ನೋಡಬಹುದು. ಸ್ಟಾರ್ಟ್ ಬಟನ್ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿದರೆ ಡಿವೈಸ್ ಮ್ಯಾನೇಜರ್ ಸಿಗುತ್ತದೆ. ಅದರಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಎಂಬುದನ್ನು ಬಿಡಿಸಿ, ನಿಮ್ಮ ಕಾರ್ಡಿನ ಹೆಸರಿನ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಎಂಬ ಹಾಳೆಗೆ ಹೋಗಿ. ಮೊದಲನೇ ಸಾಲಿನಲ್ಲಿ 'ಅಲೌ ದ ಕಂಪ್ಯೂಟರ್ ಟು ಟರ್ನ್ ಆಫ್ ದಿಸ್ ಡಿವೈಸ್ ಟು ಸೇವ್ ಪವರ್' ಎಂದಿರುತ್ತದೆ, ಪಕ್ಕದಲ್ಲಿ ಟಿಕ್. ನೀವು ಹಾಕಿದ್ದಲ್ಲ, ಸಾಮಾನ್ಯವಾಗಿ ಬರುವಾಗಲೇ ಹಾಗೆ ಬಂದಿರುತ್ತದೆ. ಎಷ್ಟೋ ಕಡೆ ಆ ಒಂದು ಟಿಕ್ ತೆಗೆದರೆ ಕೆಲಸ ಮುಗಿಯಿತು. ಲ್ಯಾನ್ ಕೇಬಲ್ ಇರುವ ಡೆಸ್ಕ್‌ಟಾಪ್‌ಗಳಲ್ಲಿ ಅಡ್ವಾನ್ಸ್ಡ್ ಎಂಬ ಹಾಳೆಯಲ್ಲಿ 'ಎನರ್ಜಿ ಎಫಿಶಿಯೆಂಟ್ ಈಥರ್ನೆಟ್', 'ಗ್ರೀನ್ ಈಥರ್ನೆಟ್' ಎಂಬ ಇನ್ನೆರಡು ಉಳಿತಾಯದ ಬಾಬ್ತುಗಳೂ ಇರಬಹುದು. ಲ್ಯಾನ್ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ, ಅಂದರೆ ನೆಟ್‌ವರ್ಕ್ ಸ್ವಿಚ್, ಹಳೆಯದಿರುವ ಆಫೀಸುಗಳಲ್ಲಿ ಅವನ್ನೂ ಆರಿಸಿ ನೋಡುತ್ತೇವೆ.

ಆದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಹಾಳೆಯೇ ಕಾಣದಿರಬಹುದು. ಅದಕ್ಕೆ ಕಾರಣ ನಿದ್ದೆಯ ಬಗೆಯೇ ಬದಲಾಗಿರುವುದು. ಹಿಂದಿನ ಯಂತ್ರಗಳದ್ದು ಎಸ್3 ಎಂಬ ಗಾಢ ನಿದ್ದೆ. ಮೆಮೊರಿಗೆ ಮಾತ್ರ ಚೂರು ಕರೆಂಟ್ ಕೊಟ್ಟು ಉಳಿದದ್ದೆಲ್ಲ ಹೆಚ್ಚುಕಮ್ಮಿ ಬಂದ್. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಮಾಡರ್ನ್ ಸ್ಟ್ಯಾಂಡ್‌ಬೈ. ಮೊಬೈಲಿನ ಹಾಗೆ ಪರದೆ ಆರಿದ್ದರೂ ಒಳಗೆ ಅರೆ ಎಚ್ಚರ; ಮಧ್ಯೆ ಮಧ್ಯೆ ಎದ್ದು ಮೇಲ್ ನೋಡುತ್ತದೆ, ಮತ್ತೆ ಮಲಗುತ್ತದೆ. ಈ ಮಲಗಿ ಏಳುವ ಆಟದಲ್ಲಿ ವೈಫೈ ಡ್ರೈವರ್ ಸ್ವಲ್ಪ ಹಳೆಯದಿದ್ದರೂ ಎಡವುತ್ತದೆ. ಇಲ್ಲಿ ಟಿಕ್ ತೆಗೆಯುವ ಮಾತಿಲ್ಲ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಿಂದ, ಅದೇ ಮಾಡೆಲ್ ನಂಬರಿನ ವೈಫೈ ಡ್ರೈವರನ್ನೂ, ಯಂತ್ರವನ್ನು ಮೊದಲು ಚಾಲೂ ಮಾಡುವ ಬಯಾಸ್ ಎಂಬ ಪ್ರೋಗ್ರಾಮನ್ನೂ ತಂದು ಹಾಕಬೇಕು. ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದಲೇ ತೊಂದರೆ ಶುರುವಾಗಿದ್ದರೆ ಉಲ್ಟಾ, ಹಿಂದಿನ ಡ್ರೈವರಿಗೇ ಮರಳಬೇಕು. ಹಾಗಾಗಿ ತೊಂದರೆ ಯಾವ ದಿನ ಶುರುವಾಯಿತು ಎಂದು ನಾವು ಕೇಳಿದರೆ ಅದು ಕಾಲಹರಣದ ಪ್ರಶ್ನೆಯಲ್ಲ.

ಇನ್ನೊಂದು ಕಾರಣವೂ ಇದೆ, ಇದು ಹೆಚ್ಚು ಜನ ಕೂರುವ ಆಫೀಸುಗಳಿಗೆ. ನಿಮ್ಮ ರೂಟರ್ ಪ್ರತಿ ಕಂಪ್ಯೂಟರಿಗೂ ಒಂದು ಐಪಿ ವಿಳಾಸ ಕೊಡುವುದು ಲಾಡ್ಜಿನಲ್ಲಿ ರೂಮು ಕೊಟ್ಟಂತೆ, ಇಂತಿಷ್ಟು ಹೊತ್ತಿಗೆ ಅಂತ. ಮಲಗಿದ ಕಂಪ್ಯೂಟರಿನ ಅವಧಿ ಮುಗಿದರೆ ಅದೇ ರೂಮು ಬೇರೆಯವರಿಗೆ ಹೋಗಬಹುದು. ಎದ್ದ ಕಂಪ್ಯೂಟರ್ ಹೊಸದಾಗಿ ಕೇಳಿಕೊಳ್ಳಬೇಕು, ಕೇಳಿದಾಗ ಉತ್ತರ ಸಿಗದಿದ್ದರೆ 169.254ರಿಂದ ಶುರುವಾಗುವ ವಿಳಾಸವನ್ನು ತಾನೇ ಇಟ್ಟುಕೊಂಡು ಕೂರುತ್ತದೆ. ಆ ನಂಬರ್ ಕಂಡರೆ ಕಂಪ್ಯೂಟರ್ ಮತ್ತು ರೂಟರ್ ಮಧ್ಯೆ ಮಾತುಕತೆ ನಡೆದಿಲ್ಲ ಎಂದು ಲೆಕ್ಕ. ಆಗ ಕಾರ್ಡನ್ನು ಡಿಸೇಬಲ್ ಮಾಡಿ ಎನೇಬಲ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಪೂರ್ತಿ ರೀಸ್ಟಾರ್ಟ್ ಬೇಕಾಗುವುದಿಲ್ಲ.

ಇಷ್ಟೆಲ್ಲ ಇರುವಾಗ ಡೆಸ್ಕ್‌ಟಾಪನ್ನು ಮಲಗಿಸಲೇಬೇಕೇ ಎಂಬುದು ನಮ್ಮ ಪ್ರಶ್ನೆ. ವಿಂಡೋಸ್ 11ರ 2022ರ ಪರಿಷ್ಕರಣೆಯಿಂದೀಚೆಗೆ, ಇಂಗಾಲದ ಹೊರಸೂಸುವಿಕೆ ತಗ್ಗಿಸುವ ಉದ್ದೇಶದಿಂದ, ಹೊಸ ಯಂತ್ರಗಳು ಮೊದಲಿಗಿಂತ ಬೇಗ ಮಲಗುವಂತೆ ಸೆಟ್ ಆಗಿ ಬರುತ್ತಿವೆ. ಉದ್ದೇಶ ಒಳ್ಳೆಯದೇ. ಆದರೆ ಗಿರಾಕಿ ಎದುರು ನಿಂತಿರುವಾಗ ಬಿಲ್ಲಿಂಗ್ ಕಂಪ್ಯೂಟರ್ ನೆಟ್ ಹುಡುಕುತ್ತ ಕೂರುವುದು ಯಾರಿಗೂ ಬೇಡ.

ಕರೆಂಟ್ ಬಿಲ್ ಏರುತ್ತದೆ ಎಂದು ಸೊಸೈಟಿಯ ಕಾರ್ಯದರ್ಶಿಗಳು ಕೇಳಿಯೇ ಕೇಳುತ್ತಾರೆ, ಆದ್ದರಿಂದ ಲೆಕ್ಕ ಇಲ್ಲೇ ಕೊಡುತ್ತೇವೆ. ಪರದೆ ಆರಿಸಿ ಸುಮ್ಮನಿರುವ ಸಾಧಾರಣ ಡೆಸ್ಕ್‌ಟಾಪ್ ಸುಮಾರು 40 ವಾಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ತಾಸು ಹಾಗೆ ಬಿಟ್ಟರೆ 80 ವಾಟ್ ಅವರ್, ಅಂದರೆ 0.08 ಯೂನಿಟ್. ತಿಂಗಳಿಗೆ 25 ಕೆಲಸದ ದಿನ ಹಿಡಿದರೆ 2 ಯೂನಿಟ್. ಒಂದು ಕಂಪ್ಯೂಟರಿಗೆ ತಿಂಗಳಿಗೆ ಎರಡು ಯೂನಿಟ್, ಅಷ್ಟೇ. ರಾತ್ರಿ ಮಾತ್ರ ಬಂದ್ ಮಾಡಿಯೇ ಹೋಗಬೇಕು. ರಾತ್ರಿಯಿಡೀ ಹಚ್ಚಿಟ್ಟರೆ ಈ ಲೆಕ್ಕ ನಿಲ್ಲುವುದಿಲ್ಲ, ಗುಡುಗು ಸಿಡಿಲಿನ ಕಾಲದಲ್ಲಿ ನಮ್ಮ ಕಡೆ ಅದು ಬೇಡವೂ ಬೇಡ. ಸಿಡಿಲಿನ ದಿನ ಪ್ಲಗ್ ಜೊತೆಗೆ ಲ್ಯಾನ್ ಕೇಬಲನ್ನೂ ಕಿತ್ತಿಡಿ.

ನಾವು ಮಾಡುವುದು ಇಷ್ಟು: ಪರದೆ ಹತ್ತು ನಿಮಿಷಕ್ಕೆ ಆರುತ್ತದೆ, ಬೀಗವೂ ಬೀಳುತ್ತದೆ, ತೆರೆಯಲು ಪಾಸ್‌ವರ್ಡ್ ಬೇಕು, ಯಂತ್ರ ಮಾತ್ರ ಮಲಗುವುದಿಲ್ಲ. ಎದ್ದು ಹೋಗುವಾಗ ವಿಂಡೋಸ್ ಕೀ ಮತ್ತು ಎಲ್ ಒಟ್ಟಿಗೆ ಒತ್ತುವ ರೂಢಿ ಇದ್ದರೆ ಬಿಡಬೇಡಿ.

ಟ್ಯಾಲಿಯ ಅಥವಾ ಬೇರೆ ಲೆಕ್ಕದ ಡೇಟಾ ಒಂದು ಕಂಪ್ಯೂಟರಿನಲ್ಲಿಟ್ಟು ಉಳಿದವರು ಅದನ್ನು ನೆಟ್‌ವರ್ಕ್ ಮೂಲಕ ತೆರೆಯುವ ಆಫೀಸುಗಳಿಗೆ ವಿಶೇಷವಾಗಿ ಹೇಳುತ್ತೇವೆ. ಆ ಮುಖ್ಯ ಕಂಪ್ಯೂಟರ್ ಕೆಲಸದ ಹೊತ್ತಿನಲ್ಲಿ ಯಾವ ಕಾರಣಕ್ಕೂ ಮಲಗಕೂಡದು. ಅದರ ಮುಂದೆ ಕೂರುವವರು ಬ್ಯಾಂಕಿಗೆ ಹೋದರು, ಅದು ಮಲಗಿತು ಎಂದರೆ ಒಳಗಿನ ಕೋಣೆಯಲ್ಲಿ ವೋಚರ್ ಹಾಕುತ್ತಿರುವವರ ಸಂಪರ್ಕ ಅರ್ಧಕ್ಕೇ ಕಡಿಯುತ್ತದೆ. ಇದು ನೆಟ್ ಹೋದ ಸಣ್ಣ ಕಿರಿಕಿರಿಯಲ್ಲ, ಡೇಟಾ ಕೆಡುವ ಸಂಗತಿ. ಎಎಂಸಿ ಪಟ್ಟಿಯಲ್ಲಿರುವ ಇಂಥ ಮುಖ್ಯ ಕಂಪ್ಯೂಟರುಗಳಿಗೆ ನಿಮ್ಮ ಸರ್ವಿಸಿನ ಸರದಿ ಕಾಯದೆ ಮೊದಲೇ ಬಂದು ಸೆಟ್ಟಿಂಗ್ ಬದಲಿಸುತ್ತೇವೆ. ಅವುಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನೂ ತೆಗೆಯುತ್ತೇವೆ.

ಫಾಸ್ಟ್ ಸ್ಟಾರ್ಟಪ್ ಏನೆಂದು ಕೇಳುವವರಿಗೆ: ವಿಂಡೋಸ್ 8ರಿಂದ, ಅಂದರೆ 2012ರಿಂದ, ಶಟ್ ಡೌನ್ ಎಂದು ಒತ್ತಿದರೂ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಇದ್ದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಾರನೇ ಬೆಳಿಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ಬೇಗ ತೆರೆಯುವುದು ಅದಕ್ಕೇ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲ ಮೊದಲಿನಿಂದ. "ದಿನಾ ಬಂದ್ ಮಾಡೇ ಹೋಗ್ತೇನೆ" ಎನ್ನುವವರ ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್ ಎಂಬ ಕಡೆ, ಸಿಪಿಯು ಕೆಳಗೆ, ಅಪ್ ಟೈಮ್ ವಾರಗಟ್ಟಲೆ ತೋರಿಸುವುದು ಇದೇ ಕಾರಣಕ್ಕೆ. ನಿನ್ನೆ ಸಂಜೆ ಸಿಕ್ಕಿಬಿದ್ದ ನೆಟ್‌ವರ್ಕ್ ಡ್ರೈವರ್ ಇವತ್ತು ಬೆಳಿಗ್ಗೆಯೂ ಹಾಗೇ ಇರಲು ಇಷ್ಟು ಸಾಕು.

ಲ್ಯಾಪ್‌ಟಾಪ್‌ಗಳಲ್ಲಿ ನಾವು ಸ್ಲೀಪ್ ತೆಗೆಯುವುದಿಲ್ಲ. ಮಲಗದ ಲ್ಯಾಪ್‌ಟಾಪನ್ನು ಮುಚ್ಚಿ ಬ್ಯಾಗಿಗೆ ಹಾಕಿದರೆ ಒಳಗೇ ಕಾಯುತ್ತದೆ, ಬ್ಯಾಟರಿಗೂ ಕೆಟ್ಟದ್ದು. ಅಲ್ಲಿ ಡ್ರೈವರ್ ಸರಿಪಡಿಸುವುದೇ ದಾರಿ. ಅದೂ ಆಗದಿದ್ದರೆ ಮುಚ್ಚಳ ಹಾಕಿದಾಗ ಹೈಬರ್ನೇಟ್ ಆಗುವಂತೆ, ಅಂದರೆ ತೆರೆದ ಕೆಲಸವನ್ನು ಡಿಸ್ಕಿನಲ್ಲಿ ಬರೆದಿಟ್ಟು ಯಂತ್ರ ಪೂರ್ತಿ ಆರುವಂತೆ, ಮಾಡಿಕೊಡುತ್ತೇವೆ. ಏಳುವುದು ಸ್ವಲ್ಪ ನಿಧಾನ, ಆದರೆ ಎದ್ದಾಗ ಕಾರ್ಡ್ ಹೊಸದಾಗಿ ಶುರುವಾಗುವ ಸಂಭವ ಹೆಚ್ಚು. ಬೆಂಗಳೂರಿನ ಕಂಪನಿಗಳ ಲ್ಯಾಪ್‌ಟಾಪ್ ತಂದು ಮನೆಯಲ್ಲಿ ಕೆಲಸ ಮಾಡುವವರು ದಯವಿಟ್ಟು ಗಮನಿಸಿ, ಆ ಯಂತ್ರಗಳನ್ನು ನಾವು ಮುಟ್ಟುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಕಂಪನಿಯ ಹತ್ತಿರ ಇರುತ್ತದೆ, ಎಷ್ಟೋ ಸಲ ಎದ್ದ ಮೇಲೆ ತಡೆಯುತ್ತಿರುವುದೂ ಕಂಪನಿಯ ನೆಟ್‌ವರ್ಕಿಗೆ ಭದ್ರವಾಗಿ ಜೋಡಿಸುವ ಅವರ ವಿಪಿಎನ್ನೇ. ವಿಪಿಎನ್ ಬಿಡಿಸಿ ಮತ್ತೆ ಹಾಕಿ ನೋಡಿ, ಆಗದಿದ್ದರೆ ಅವರ ಹೆಲ್ಪ್ ಡೆಸ್ಕಿಗೇ ಹೇಳಿ.

ಈಗ ಫೋನಿನ ವಿಷಯ. ನೆಟ್ ಇಲ್ಲದ ಕಂಪ್ಯೂಟರನ್ನು ಅಂಗಡಿಯಲ್ಲಿ ಕೂತು ರಿಮೋಟಿನಲ್ಲಿ ನೋಡಲು ಆಗದು. ಹಾಗಾಗಿ ಫೋನ್ ಮಾಡುವ ಮೊದಲು ಮೂರು ಸಂಗತಿ ನೋಡಿಕೊಂಡರೆ ಇಬ್ಬರಿಗೂ ಅನುಕೂಲ. ಅದೇ ವೈಫೈಯಲ್ಲಿ ನಿಮ್ಮ ಮೊಬೈಲಿಗೆ ನೆಟ್ ಬರುತ್ತಿದೆಯೇ? ಮೊಬೈಲ್ ಡೇಟಾ ಆರಿಸಿ ನೋಡಿ, ಇಲ್ಲದಿದ್ದರೆ ಮೋಸ ಹೋಗುತ್ತೀರಿ. ಮೊಬೈಲಿಗೂ ಇಲ್ಲ ಎಂದರೆ ಕಂಪ್ಯೂಟರಿನ ತಪ್ಪಲ್ಲ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿಟುಕುತ್ತಿದ್ದರೆ ಫೈಬರಿನಲ್ಲಿ ಸಿಗ್ನಲ್ಲೇ ಇಲ್ಲ. ಮರ ಬಿದ್ದೋ ಮತ್ತೇನೋ ಆಗಿ ಎಲ್ಲೋ ತಂತಿ ಹೋಗಿರುತ್ತದೆ, ನೆಟ್ ಕೊಡುವವರಿಗೇ ಫೋನ್ ಮಾಡಬೇಕು. ಎರಡನೆಯದು, ಪರದೆಯ ಕೆಳಗೆ ಬಲಮೂಲೆಯಲ್ಲಿ ಕಾಣುವ ಚಿಹ್ನೆ ಯಾವುದು: ವೈಫೈಯ ಕಮಾನೋ, ಪುಟ್ಟ ಮಾನಿಟರೋ, ಗೋಳವೋ? ಗೋಳ ಎಂದರೆ ಸಂಪರ್ಕ ಇಲ್ಲ. ಮೂರನೆಯದು, ಕೇಬಲ್ ಇದ್ದರೆ ಅದನ್ನು ಚುಚ್ಚಿದ ಜಾಗದಲ್ಲಿ ಸಣ್ಣ ದೀಪ ಉರಿಯುತ್ತಿದೆಯೇ.

ಕೆಲಸ ತುರ್ತಾಗಿದ್ದರೆ ಮೊಬೈಲನ್ನು ಚಾರ್ಜಿಂಗ್ ವಯರಿನಿಂದ ಕಂಪ್ಯೂಟರಿಗೆ ಜೋಡಿಸಿ ಮೊಬೈಲಿನ ನೆಟ್ಟನ್ನು ಕಂಪ್ಯೂಟರಿಗೆ ಕೊಡುವ ಯುಎಸ್‌ಬಿ ಟೆದರಿಂಗ್ ಹಚ್ಚಿ. ಇ-ವೇ ಬಿಲ್ ತೆಗೆದು ಲಾರಿ ಕಳಿಸುವಷ್ಟು ನೆಟ್ ಅದರಲ್ಲೇ ಬರುತ್ತದೆ, ಆ ದಾರಿಯಿಂದ ನಾವೂ ಒಳಗೆ ಬಂದು ನೋಡಬಹುದು. ಹುಲೇಕಲ್, ವಾನಳ್ಳಿ ಕಡೆಯವರಿಗೆ ಮಳೆಗಾಲದಲ್ಲಿ ನಮ್ಮ ಹುಡುಗರ ಬೈಕಿಗಿಂತ ಇದೇ ಬೇಗ.

ಒಂದು ಗುಂಡಿ ಮಾತ್ರ ಒತ್ತಬೇಡಿ. ಸೆಟ್ಟಿಂಗ್ಸಿನಲ್ಲಿ 'ನೆಟ್‌ವರ್ಕ್ ರೀಸೆಟ್' ಎಂದಿದೆ. ಮನೆಯ ಕಂಪ್ಯೂಟರಿಗಾದರೆ ಅಡ್ಡಿಯಿಲ್ಲ, ವೈಫೈ ಪಾಸ್‌ವರ್ಡ್ ಮತ್ತೆ ಹಾಕಿಕೊಂಡರಾಯಿತು. ಆಫೀಸಿನಲ್ಲಿ ನಾವು ಮುಖ್ಯ ಕಂಪ್ಯೂಟರಿಗೆ ಕಾಯಂ ಐಪಿ ವಿಳಾಸ ಕೊಟ್ಟಿರುತ್ತೇವೆ. ರೀಸೆಟ್ ಮಾಡಿದರೆ ಅದು ಅಳಿಸಿಹೋಗುತ್ತದೆ, ನೆಟ್ ಬಂದರೂ ಒಳಗಿನ ಕೋಣೆಯವರಿಗೆ ಟ್ಯಾಲಿ ತೆರೆಯುವುದಿಲ್ಲ. ಡ್ರೈವರ್ ತಾನೇ ಹುಡುಕಿ ಹಾಕುತ್ತೇನೆ ಎಂದು ಜಾಹೀರಾತು ಕೊಡುವ ಪುಕ್ಕಟೆ ಪ್ರೋಗ್ರಾಮುಗಳೂ ಬೇಡ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದಲೇ ನೆಟ್ ಹೋಗುತ್ತಿದೆ ಎಂದು ಕೆಲವರು ನಂಬಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ವಿಂಡೋಸ್ 10 ಬದಲಾಯಿಸಬೇಕಾದದ್ದು ಭದ್ರತೆಯ ದೃಷ್ಟಿಯಿಂದ, ಅದರ ಮಾತು ಬೇರೆ ಆಡೋಣ.

ಕಾರ್ಡೇ ಕೆಟ್ಟಿದೆಯೇ ಎಂಬ ಅನುಮಾನ ಬಂದಾಗ ವಿಂಡೋಸಿನ ಬದಲು ಓಡುವ ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ನಿಮ್ಮ ಯಂತ್ರವನ್ನು ನಿಮ್ಮ ಎದುರೇ ಚಾಲೂ ಮಾಡಿ, ಮಲಗಿಸಿ, ಎಬ್ಬಿಸಿ ತೋರಿಸುತ್ತೇವೆ. ಅಲ್ಲಿ ನೆಟ್ ಬಂದರೆ ಕಾರ್ಡ್ ಸರಿ ಇದೆ, ಹೊಸದು ಬೇಡ. ನಿಮ್ಮ ಡಿಸ್ಕಿನಲ್ಲಿರುವುದನ್ನು ಈ ಪರೀಕ್ಷೆಯಲ್ಲಿ ನಾವು ಮುಟ್ಟುವುದಿಲ್ಲ.

ಸ್ಲೀಪ್ ಹಾಗೇ ಇರಲಿ ಎನ್ನುವವರು ಸರ್ವಿಸಿಗೆ ಬಂದ ಹುಡುಗನಿಗೆ ಹೇಳಿದರೆ ಸಾಕು, ಸರ್ವಿಸ್ ಕಾರ್ಡಿನಲ್ಲಿ ಬರೆದುಕೊಂಡು ಬಿಟ್ಟುಬಿಡುತ್ತಾನೆ. ಫೋನ್ ಬೆಳಿಗ್ಗೆ 9.30ರಿಂದ ಸಂಜೆ 7ರವರೆಗೆ. ಭಾನುವಾರ ಅಂಗಡಿ ಬಂದ್, ಮುಖ್ಯ ಕಂಪ್ಯೂಟರ್ ನಿಂತಿದ್ದರೆ ಅವತ್ತೂ ಫೋನ್ ಮಾಡಿ. ಎಎಂಸಿ ದರದಲ್ಲಿ ಬದಲಾವಣೆ ಇಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಅಂಗಡಿಯ ಪರವಾಗಿ, ಶಿರಸಿ