ಪತ್ರೊಡೆ ತುರಿಸುವುದೇಕೆ?

ಮಾನ್ಯರೇ,

ಆಟಿ (ತುಳುವರ ಮಳೆಗಾಲದ ತಿಂಗಳು) ಬಂತೆಂದರೆ ಪತ್ರಿಕೆಗಳಲ್ಲಿ ‘ಅಜ್ಜಿಯ ಕೈರುಚಿ’ ಎಂದು ಪತ್ರೊಡೆ (ಕೆಸುವಿನೆಲೆ, ಅಕ್ಕಿ ಹಿಟ್ಟಿನ ಕಡುಬು) ಮಾಡುವ ಕ್ರಮ ಬರುತ್ತದೆ. ಹುಳಿ ಮಾತ್ರ ‘ರುಚಿಗೆ ತಕ್ಕಷ್ಟು’! ಎಡವಟ್ಟಾಗುವುದು ಅಲ್ಲೇ. ಗಂಟಲು ತುರಿಸುವುದು ಕೆಸುವಿನೆಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ; ಹುಣಸೆಹುಳಿ ಹಾಕುವುದು ಮುಖ್ಯವಾಗಿ ಅದಕ್ಕೇ.

2 ಕುಡ್ತೆ (ಸಣ್ಣ ಲೋಟದಂಥ ಅಳತೆ) ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿ, 15 ಎಲೆಗೆ ದೊಡ್ಡ ನಿಂಬೆಗಾತ್ರದ ಹುಳಿ ಬೇಕು. ಅಕ್ಕಿ 3 ಗಂಟೆ ನೆನೆದ ಮೇಲೆ 8–10 ಒಣಮೆಣಸು, 2 ಚಮಚ ಕೊತ್ತಂಬರಿ, 1 ಚಮಚ ಜೀರಿಗೆ, ಅರಶಿನ, ಬೆಲ್ಲ, ಉಪ್ಪು, ಆ ಹುಳಿ ಸೇರಿಸಿ ತರಿತರಿಯಾಗಿ ರುಬ್ಬಬೇಕು. ಮಿಕ್ಸಿಯಲ್ಲಿ ನುಣ್ಣಗಾದರೆ ಪತ್ರೊಡೆ ಅಂಟು ಅಂಟು. ಹಿಟ್ಟು ಇಡ್ಲಿಯದ್ದಕ್ಕಿಂತ ಗಟ್ಟಿ ಇರಲಿ. ದಂಟು, ದಪ್ಪ ನಾರು ತೆಗೆದು, ನೀರಾರಿದ ಎಲೆಯನ್ನು ಸಣ್ಣಗೆ ಹೆಚ್ಚಿ ಬೆರೆಸಿ, ಬಾಡಿಸಿದ ಬಾಳೆಲೆಯಲ್ಲಿ ಮಡಚಿ ಅಟ್ಟಿನಳಗೆಯಲ್ಲಿ (ಹಬೆಯಲ್ಲಿ ಬೇಯಿಸುವ ಪಾತ್ರೆ) ಪೂರ್ತಿ 1 ಗಂಟೆ ಬೇಯಿಸಿ. ಅರ್ಧ ಗಂಟೆಗೆ ಇಳಿಸಿದರೆ ಹುಳಿ ಎಷ್ಟಿದ್ದರೂ ತುರಿಸೀತು. ಮರಕೆಸು (ಮರದ ಮೇಲೆ ಬೆಳೆಯುವ ಕೆಸು) ಸಿಕ್ಕಿದರೆ ಭಾಗ್ಯ, ಅದಕ್ಕೆ ತುರಿಕೆ ಕಡಿಮೆ.

ಬಿಸಿಯಿರುವಾಗ ತೆಂಗಿನೆಣ್ಣೆ ಸಾಕು. ಮರುದಿನ ಪುಡಿಮಾಡಿ, ಸಾಸಿವೆ–ಕರಿಬೇವಿನ ಒಗ್ಗರಣೆಗೆ ಹಾಕಿ, ಕಾಯಿತುರಿ, ಬೆಲ್ಲ ಬೆರೆಸಿದ್ದು ಇನ್ನೂ ರುಚಿ.

– ಓದುಗರು, ಬದಿಯಡ್ಕ, ಕಾಸರಗೋಡು