ಕೋಡ್ ಬಂದ ಮಾತ್ರಕ್ಕೆ ಸೆನ್ಸರ್ ಬದಲಿಸಬೇಕೆ?

ಮಾನ್ಯ ಸಂಪಾದಕರೇ,

ಹತ್ತು ಹದಿನೈದು ವರ್ಷದ ಪೆಟ್ರೋಲ್ ಕಾರು ಸ್ಟಾರ್ಟ್ ಆಗುತ್ತಿಲ್ಲ ಎಂದರೆ ಈಗ ಬಾನೆಟ್ ಎತ್ತುವ ಮೊದಲೇ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಚುಚ್ಚುತ್ತಾರೆ. ಪರದೆಯ ಮೇಲೆ ಪಿ0335 ಬಂದರೆ ಸಾಕು, ‘ಕ್ರ್ಯಾಂಕ್ ಸೆನ್ಸರ್ ಹೋಗಿದೆ’ ಎಂಬ ತೀರ್ಪು. ಹೊಸದು ಹಾಕಿ ಬಿಲ್ ಕೊಡುತ್ತಾರೆ. ಎರಡೇ ದಿನಕ್ಕೆ ಅದೇ ಕೋಡ್ ಮತ್ತೆ ಹಾಜರು.

ಆ ಕೋಡ್ ಹೇಳುವುದಿಷ್ಟೇ: ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ತಿರುಗುತ್ತಿರುವ ಸಿಗ್ನಲ್ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಸರಿಯಾಗಿ ಮುಟ್ಟುತ್ತಿಲ್ಲ. ತಪ್ಪು ಸೆನ್ಸರಿನದಿರಬಹುದು, ಇಲಿ ಕಡಿದ ವೈರಿನದಿರಬಹುದು, ಹಸಿರುಗಟ್ಟಿದ ಕನೆಕ್ಟರಿನದಿರಬಹುದು. ಸೆನ್ಸರ್ ತುದಿಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿದ್ದರೂ ಇದೇ ಕೋಡ್ ಬರಬಹುದು.

ಮೊದಲು ಬ್ಯಾಟರಿ. ಪೂರ್ತಿ ಚಾರ್ಜ್ ಇದ್ದರೆ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ವೋಲ್ಟೇಜ್ ಕುಸಿದರೆ ಇಸಿಯು ಸಂಬಂಧವಿಲ್ಲದ ಕೋಡ್‌ಗಳನ್ನೂ ಬರೆದಿಡುತ್ತದೆ. ಸೆಲ್ಫ್ ‘ಟಕ್ ಟಕ್’ ಎಂದು ನಿಂತುಬಿಟ್ಟರೆ ಸ್ಕ್ಯಾನರ್ ಬದಿಗಿಟ್ಟು ಬ್ಯಾಟರಿ ಟರ್ಮಿನಲ್ ಮತ್ತು ಅರ್ಥ್ ಕೇಬಲ್ ನೋಡಿ. ಆದರೆ ಕೋಡ್ ಬರೆದುಕೊಳ್ಳುವ ಮುನ್ನ ಬ್ಯಾಟರಿ ಬಿಚ್ಚಬೇಡಿ. ಹಲವು ಹಳೆಯ ಕಾರುಗಳಲ್ಲಿ ಕೋಡ್ ಅಳಿಸಿಹೋಗುತ್ತದೆ.

ನಮ್ಮಲ್ಲಿ ಬಿಎಸ್-4 (ಹೊಗೆ ನಿಯಂತ್ರಣದ ಮಾನದಂಡ) ಕಾರುಗಳಿಗೆ ಒಬಿಡಿ-2, ಅಂದರೆ ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಬರೆದಿಡುವ ವ್ಯವಸ್ಥೆ, ಕಡ್ಡಾಯವಾದದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಕೆಲವು ಕಾರುಗಳಲ್ಲಿ 16 ಪಿನ್ನಿನ ಸಾಕೆಟ್ ಇದ್ದರೂ ಅಗ್ಗದ ಬ್ಲೂಟೂತ್ ಅಡಾಪ್ಟರ್‌ಗೆ ಏನೂ ಸಿಗುವುದಿಲ್ಲ. ಆ ಕಂಪನಿಯ ಪ್ರೋಟೋಕಾಲ್ ಗೊತ್ತಿರುವ ಸ್ಕ್ಯಾನರೇ ಬೇಕು. ಅಡಾಪ್ಟರಿನ ದೀಪವೇ ಹತ್ತದಿದ್ದರೆ 16ನೇ ಪಿನ್ನಿಗೆ ಬ್ಯಾಟರಿ ಕರೆಂಟ್, 4 ಮತ್ತು 5ಕ್ಕೆ ಅರ್ಥ್ ಬರುತ್ತಿದೆಯೇ ಎಂದು ಪರೀಕ್ಷಿಸಿ. ಎಷ್ಟೋ ಸಲ ಒಂದು ಫ್ಯೂಸ್ ಹೋಗಿರುತ್ತದೆ, ಅಷ್ಟೆ.

ಪಿ0335 ಬಂದಾಗ ಸ್ಕ್ಯಾನರಿನಲ್ಲಿ ಲೈವ್ ಡೇಟಾ (ಎಂಜಿನ್ ವೇಗದಂಥ ಆ ಕ್ಷಣದ ಅಳತೆಗಳು) ತೆರೆದು ಸೆಲ್ಫ್ ಹೊಡೆಯಿರಿ. ಆರ್‌ಪಿಎಂ 200ರ ಆಸುಪಾಸು ಕಂಡರೆ ಆ ಹೊತ್ತಿಗೆ ಸಿಗ್ನಲ್ ಬರುತ್ತಿದೆ ಎಂದರ್ಥ, ಬೇರೆ ಕಡೆ ಹುಡುಕಿ. ಸೊನ್ನೆಯೇ ಇದ್ದರೆ ಕನೆಕ್ಟರ್ ಬಿಚ್ಚಿ. ಎರಡು ವೈರಿನ ಸೆನ್ಸರಾದರೆ ಓಮ್ ಅಳೆಯಬಹುದು. ಸಾಮಾನ್ಯವಾಗಿ ಕೆಲವು ನೂರು ಓಮ್ ಇರುತ್ತದೆ, ನಿಖರ ಅಂಕಿ ಆಯಾ ಕಾರಿನ ಸರ್ವಿಸ್ ಕೈಪಿಡಿಯಲ್ಲಿದೆ. ಮೂರು ವೈರಿನದ್ದು ಹಾಲ್ ಸೆನ್ಸರ್ (ಹೊರಗಿನಿಂದ ವೋಲ್ಟೇಜ್ ಕೊಟ್ಟರೆ ಮಾತ್ರ ಕೆಲಸ ಮಾಡುವ ಎಲೆಕ್ಟ್ರಾನಿಕ್ ಸೆನ್ಸರ್) ಆಗಿದ್ದರೆ ಓಮ್ ನೋಡಿ ಪ್ರಯೋಜನವಿಲ್ಲ. ಕೀ ಆನ್ ಮಾಡಿ 5 ಅಥವಾ 12 ವೋಲ್ಟ್ ಬರುತ್ತಿದೆಯೇ, ಅರ್ಥ್ ಸರಿ ಇದೆಯೇ ಎಂದು ನೋಡಬೇಕು. ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದೆ, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಓಡುವ ಕಾರಿದ್ದರೆ ಸೆನ್ಸರನ್ನು ಅನುಮಾನಿಸುವುದು ನ್ಯಾಯ. ಅದನ್ನೂ ಬಿಸಿಯಿರುವಾಗಲೇ ಅಳೆಯಬೇಕು.

ಪಿ0340, ಅಂದರೆ ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟಿನ ಸಿಗ್ನಲ್ ಕೋಡ್, ಇನ್ನೂ ಅಪಾಯದ್ದು. ಆರ್‌ಪಿಎಂ ಬರುತ್ತಿದ್ದು ಕ್ಯಾಮ್ ಸಿಗ್ನಲ್ ಮಾತ್ರ ಇಲ್ಲ, ಜೊತೆಗೆ ಎಂಜಿನ್ ಎಂದಿಗಿಂತ ಹಗುರವಾಗಿ ‘ಗಿರ್’ ಎಂದು ತಿರುಗುತ್ತಿದೆ ಎಂದಾದರೆ ಕ್ರ್ಯಾಂಕ್ ಶಾಫ್ಟಿನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಎಂಜಿನ್ ಆಯಿಲ್ ಹುಯ್ಯುವ ಮುಚ್ಚಳ ತೆಗೆದು, ಒಬ್ಬರು ಒಂದೇ ಒಂದು ಸಲ ಸೆಲ್ಫ್ ಮುಟ್ಟಿಸುವಾಗ ಇನ್ನೊಬ್ಬರು ಟಾರ್ಚ್ ಬಿಟ್ಟು ನೋಡಲಿ. ಹಲವು ಎಂಜಿನ್‌ಗಳಲ್ಲಿ ಒಳಗಿನ ಕ್ಯಾಮ್ ಅಲ್ಲಿಂದ ಕಾಣುತ್ತದೆ. ಅದು ಅಲುಗದಿದ್ದರೆ ಮತ್ತೆ ಸೆಲ್ಫ್ ಹೊಡೆಯಬೇಡಿ, ವಾಲ್ವ್ ಬಾಗಿದರೆ ಹೆಡ್ಡೇ ಬಿಚ್ಚಬೇಕಾಗುತ್ತದೆ.

ಕೋಡೇ ಇಲ್ಲವೆಂದರೆ ಎಲ್ಲ ಸರಿಯಿದೆ ಎಂದಲ್ಲ. ಸೊರಗಿದ ಪೆಟ್ರೋಲ್ ಪಂಪಿಗೆ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಕೋಡ್ ಬರುವುದಿಲ್ಲ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಸುಮಾರು ಎರಡು ಸೆಕೆಂಡು ‘ಗುಂಯ್’ ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ರಿಲೇ ಮತ್ತು ಫ್ಯೂಸ್ ಪರೀಕ್ಷಿಸಿ. ಕೇಳಿದರೂ ಅನುಮಾನವಿದ್ದರೆ ಗೇಜ್ ಹಾಕಿ ಒತ್ತಡ ಅಳೆಯಿರಿ.

ಗ್ಯಾರೇಜಿನವರಲ್ಲಿ ಒಂದು ಕೋರಿಕೆ: ಬಿಲ್ಲಿನಲ್ಲಿ ಕೋಡ್ ನಂಬರ್, ಬದಲಿಸುವ ಮುನ್ನ ಅಳೆದ ವೋಲ್ಟ್ ಅಥವಾ ಓಮ್ ಬರೆಯಿರಿ, ತೆಗೆದ ಸೆನ್ಸರನ್ನು ಗಿರಾಕಿಯ ಕೈಗೆ ಕೊಡಿ.

– ಒಬ್ಬ ಆಟೊ ಎಲೆಕ್ಟ್ರಿಷಿಯನ್, ದಾವಣಗೆರೆ